ಅಮರವ್ವ

ಬಣ್ಣ ನೋಡಿ ಮಣೂಕ ಬ್ಯಾರೆ ಮಾಡೂ ಮಷಿನ್ನು
ಸುಗ್ಗಿ ನಡುವ ಕಣ್ಣು ಮುಚ್ಚಿದಾಗ
ಉಮದಿಗೆ ಬಂದಿದ್ದ ಇಟಲಿಯ ರೆಂಜೋ.
ಮೂರು ದಿನ ಅದರ ಹೊಟ್ಟಿಯೊಳಗ ತಲಿ ಇಟ್ಟು
ಬೆವರೊಳಗ ನೆನದ. ನಾಕನೇ ದಿನ
ಮಷಿನ್ನು ಕೆಮ್ಮಿತು, ಕಣ್ಣು ಬಿಟ್ಟಿತು.

ಹೋಗೂ ಮುಂದ ಒಂದು ಬಾಟ್ಲಿ ಕೊಟ್ಟ,
ಮಲಕಾರಿ ಕೈಯಾಗಲ್ಲ, ನನ್ನ ಕೈಯಾಗ;
ಮೂರೂ ದಿನ ಅವಗ ರೊಟ್ಟಿ ಬಡದಾಕಿ ನಾನು.
ಹೆಸರ ಕೇಳಿದೆ. ‘ಅಮರೋನೆ.’
ಅತ್ತಿಗೆ ಕಿವಿ ಮಂದ.
‘ಅಮರವ್ವನ? ಯಾವೂರಾಕಿನs ತಾಯಿ?’ ಅಂದು
ಕುಂಕುಮ ಹಚ್ಚಿ ಮಾಡದಾಗ ಕೂಡ್ರಿಸಿದಳು.

ಫೋನಿನೊಳಗ ಮಾತು ತಿರುವಿ ಹೇಳಿದ್ದ ಅಂವ:
ನಮ್ಮಲ್ಲೂ ಶೆಡ್ಡು ಅದಾವ.
ಕರಿ ದ್ರಾಕ್ಷಿ ಬಿದರ ತಟ್ಟಿ ಮ್ಯಾಲ
ನೂರು ದಿನ ಮಲಗತಾವ, ಥಂಡಿ ಗಾಳಿಗೆ.
ಅರ್ಧ ತೂಕ ಗಾಳಿ ತಿಂತದ.
ಉಳದದ್ದನ್ನ ಹಿಂಡತೀವಿ.

ಮಲಕಾರಿ ನಕ್ಕ ನಕ್ಕ ಕುಸದ.
‘ಒಣಗಿಸಿ ಮತ್ತ ಹಿಂಡೂದು! ಅಷ್ಟು ಪುರುಸೊತ್ತು ಯಾರಿಗೈತಿ?’
ನಮ್ಮವು ಪೊಟ್ಯಾಶಿನ ನೀರಾಗ ಮುಳುಗಿ ಎದ್ದು
ಮೈಗೆಲ್ಲ ಎಣ್ಣಿ ಬಳಕೊಂಡು
ಜಾಳಗಿ ಅಂತಸ್ತಿನ ಮ್ಯಾಲ ಹದಿನೈದು ದಿನ,
ಗಂಧಕದ ಹೊಗಿ ಒಂದು ರಾತ್ರಿ,
ಬೆಳಗಾದ್ರ ತಾಸಗಾಂವದ ಸವದಾ.

ಎರಡು ಯುಗಾದಿ ಹೋದವು. ಬಾಟ್ಲಿ ಮ್ಯಾಲ
ದೀಪದ ಮಸಿ, ಕುಂಕುಮದ ಪದರು.

ಕಡೀ ಲೋಡು ಮಾರಿದ ದಿನ ಬಿಚ್ಚಿದಿವಿ,
ಬಾಗಲದ ಸ್ಕ್ರೂ ಒಂದು, ಮೋಟರಿನ ಇಕ್ಕಳ ಒಂದು.
ಬಿರಡಿ ಅರ್ಧ ಒಳಗ ಬಿತ್ತು. ಬೀಳಲಿ.
ಸ್ಟೀಲ ವಾಟಿಯೊಳಗ ಹೊತ್ತು ಮುಳುಗಿದ ಬಣ್ಣ.

ಮೊದಲ ತಪ್ಪು ಹೋಳಿಗಿ ಜೋಡಿ ಕುಡದದ್ದು:
ಹೂರಣ ಮಣ್ಣಾತು, ಇದು ಹುಣಸಿಯಾತು.
ಹಸಿಮೆಣಸಿನ ಖಾರಕ್ಕಂತೂ
ಉರಿಯೂ ಮನಿಗೆ ಎಣ್ಣಿ ಸುರದಂಗ.
ಮೊಸರಿನ ಮಾತ ಬ್ಯಾಡ.

ಆಮ್ಯಾಲ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಟಕ್ ಅಂತ ಮುರದೆ,
ಗುರೆಳ್ಳ ಹಿಂಡಿ, ಎಣ್ಣಿಗಾಯಿಯ ಸುಟ್ಟ ತುದಿ.
ವಾಟಿ ಎತ್ತಿದೆ.
ಯಾರೋ ಹಳೇ ಪರಿಚಯದವರು
ಜಗಲಿ ಮ್ಯಾಲ ಸರದು ಜಾಗ ಕೊಟ್ಟಂಗಾತು.

ಒಲಿಯೊಳಗ ಕುರಿಯ ಕಾಲು, ಮಧ್ಯಾಹ್ನದಿಂದ,
ಕುಳ್ಳಿನ ಸಣ್ಣ ಉರಿಗೆ.
ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಮೆಣಸು,
ಖಾರ ಬೆರಳಿನ ತುದಿಯಷ್ಟ.
ಎಲುಬು ಬಡದು ಮಜ್ಜಿ ಹೀರಿ, ಮ್ಯಾಲೊಂದು ಗುಟುಕು:
ನಾಲಗಿಯ ಕೊಬ್ಬು ಕಸಬರಗಿ ಆಡಿಸಿದಂಗ ಹೋತು,
ಮತ್ತ ಹಸಿವ್ಯಾತು.
ನಕ್ಕಿದ್ದ ಮಲಕಾರಿ ಮಾತಾಡದ
ವಾಟಿ ಮುಂದ ಹಿಡದ.

ಮಣೂಕ ಆರಸೂ ಜೈತುನಬಿ ಕುಡಿಯೂದಿಲ್ಲ.
ಬುಚ್ಚಿನ ತುಂಡು ಮೂಗಿಗೆ ಹಿಡದು ಹೇಳಿದಳು:
‘ತಂಬಾಕಿನ ಚೀಲ. ನೇರಳಿ ಹಣ್ಣು.
ನಾಕು ದಿನ ಬೀಗ ಹಾಕಿದ ನಮ್ಮ ಶೆಡ್ಡು.’
ನಮ್ಮೆಲ್ಲಾರಕಿಂತ ಆಕಿನs ಚಂದ ಕುಡದಳು ಅನಸ್ತು.

ಅತ್ತಿ ಅಂಗೈ ಚಾಚಿದ್ಲು,
‘ಅಮರವ್ವನ ತೀರ್ಥ ನನಗಿಲ್ಲೇನ?’
ಒಂದು ಚಮಚೆ ಹಾಕಿದೆ. ನೆಕ್ಕಿದ್ಲು.
‘ಕಹಿ’ ಅಂದ್ಲು.
ರೆಂಜೋನೂ ಹಂಗs ಹೇಳಿದ್ದ, ಹೆಸರಿನ ಅರ್ಥನs ಕಹಿ ಅಂತ.
‘ನೂರು ದಿನ ನೆರಳಾಗ ಕೂತ್ರ
ಮತ್ತೇನ ಆಗಬೇಕ?’ ಅಂತ ಅತ್ತಿ,
ಹನ್ನೆರಡಕ್ಕ ಈ ಮನಿ ಹೊಸಲಿ ದಾಟಿದಾಕಿ,
ಅಂಗೈ ಮತ್ತ ಚಾಚಿದ್ಲು.

ಬಾಟ್ಲಿಯೊಳಗ ಈಗ ಕುಸಬಿ ಎಣ್ಣಿ.
ಕುಂಕುಮ ತಪ್ಪೂದಿಲ್ಲ.

ಈ ಸಲ ಕರಿ ದ್ರಾಕ್ಷಿ ಒಂದು ಬುಟ್ಟಿ
ಲೆಕ್ಕದ ವಹಿಗೆ ಹತ್ತಿಲ್ಲ.
ಅಟ್ಟದ ಮ್ಯಾಲ, ಹಳೇ ತಟ್ಟಿಗೆ,
ಪೊಟ್ಯಾಶಿಲ್ಲ, ಗಂಧಕಿಲ್ಲ.
ನಮ್ಮ ಗಾಳಿ ಬಿಸಿ; ಬೂಸು ಹಿಡದರೂ ಹಿಡದೀತು.
ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ
ನಿಚ್ಚಣಕಿ ಏರಿ ಒಂದೊಂದs ಹೊರಳಿಸ್ತೀನಿ.
ಇವತ್ತ ನಲವತ್ತೊಂದು.